ಒಂದೇ ನಕ್ಷತ್ರದ ಬೋಟು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದರು ಹಿರಿಯರು. ವಿಜಯಕುಮಾರ್ ಒಂದೇ ಒಂದು ನಿಜ ಹೇಳಿ ಮೂರು ಮದುವೆ ಮುರಿದಿದ್ದ. ಮೂರೂ ಒಬ್ಬಳೇ ಹುಡುಗಿಗೆ ನಿಶ್ಚಯವಾಗಿದ್ದವು. ಅವಳು ವೆಂಕಟಾಚಲನ ಮಗಳು ಸಮನ್ವಿತಾ.

ವೆಂಕಟಾಚಲನಿಗೆ ಇದು ತಿಳಿದದ್ದು ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ, ಊಟಕ್ಕೆ ಕೂತಾಗ. ಪಕ್ಕದ ಎಲೆ ವಿಜಯಕುಮಾರನದು. ಇಬ್ಬರೂ ಷಡ್ಡಕರು. ಅಕ್ಕ ಸೀತಮ್ಮ ವೆಂಕಟಾಚಲನ ಹೆಂಡತಿ, ತಂಗಿ ಅನಸೂಯ ವಿಜಯಕುಮಾರನ ಹೆಂಡತಿ. ಹೋಳಿಗೆ ಬಡಿಸಿಯಾಗಿತ್ತು, ತುಪ್ಪ ಇನ್ನೂ ಎರಡು ಎಲೆ ಆಚೆ ಇತ್ತು.

"ಸಮನ್ವಿತಾಗೆ ಮತ್ತೆ ಒಂದು ಕಡೆ ನೋಡ್ತಿದ್ದೀರಂತೆ. ಜೆ.ಪಿ. ನಗರದ ಶ್ರೀಕರ್ ಅಲ್ವಾ? ಅವರ ತಾಯಿ ನಂಗೆ ಚೆನ್ನಾಗಿ ಗೊತ್ತು. ಈ ಸಲ ಮೊದಲೇ ಹೇಳ್ಬಿಡೋಣ ಷಡ್ಡಕರೇ. ಹೋದ್ಸಲದ ಹಾಗೆ ಕೊನೇ ಗಳಿಗೇಲಿ ಬೇಡ."

"ಏನು ಹೇಳೋದು?"

"ಅದೇ, ಫಿಟ್ಸ್ ವಿಷಯ. ಆ ರಾಜಾಜಿನಗರದವರಿಗೆ, ಮೈಸೂರಿನವರಿಗೆ, ಎಲ್ಲರಿಗೂ ನಾನೇ ತಾನೇ ಹೇಳಿದ್ದು. ತಪ್ಪು ತಿಳ್ಕೋಬೇಡಿ. ನಾಳೆ ಗೊತ್ತಾಗಿ ಹುಡುಗೀನ ವಾಪಸ್ ಕಳ್ಸಿದ್ರೆ ನಿಮ್ಮ ಗತಿ ಏನು? ನಂಗೆ ಮುಚ್ಚಿಡೋಕೆ ಬರಲ್ಲ, ನೋಡಿ." ಅಷ್ಟು ಹೇಳಿ ವಿಜಯಕುಮಾರ್ ತುಪ್ಪದವನನ್ನು ಕೈ ಮಾಡಿ ಕರೆದ.

ವೆಂಕಟಾಚಲ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ. ಮೇಲೆ ನೀರು ಕುಡಿದ. ಸಮನ್ವಿತಾಗೆ ಹನ್ನೊಂದನೆಯ ವಯಸ್ಸಿನಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ಐದು ವರ್ಷ ಮಾತ್ರೆ ನುಂಗಿದಳು, ಡಾಕ್ಟರು ಸಾಕು ಅಂದರು, ನಿಲ್ಲಿಸಿದಳು. ಆಮೇಲೆ ಹತ್ತೊಂಬತ್ತು ವರ್ಷ ನೆಗಡಿ ಬಿಟ್ಟರೆ ಬೇರೆ ಏನೂ ಬಂದಿಲ್ಲ. ಮನೆಯವರಲ್ಲದೆ ಅದು ಗೊತ್ತಿದ್ದವರು ಅನಸೂಯ ಮತ್ತು ಅವಳ ಗಂಡ ಮಾತ್ರ. ಮೊದಲ ಸಂಬಂಧ ತಪ್ಪಿದಾಗ ಸಮನ್ವಿತಾ ನಿಶ್ಚಿತಾರ್ಥಕ್ಕೆ ತಂದ ಸೀರೆಯನ್ನು ತಾನೇ ಅಂಗಡಿಗೆ ಹೋಗಿ ವಾಪಸ್ ಕೊಟ್ಟು ಬಂದಳು. ಎರಡನೆಯದು ತಪ್ಪಿದ ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದಳು. ಮೂರನೆಯ ಸಲ, "ಅಪ್ಪ, ಇನ್ಮೇಲೆ ನನ್ನ ಜಾತಕ ಯಾರಿಗೂ ಕೊಡಬೇಡಿ" ಅಂದಳು. ಎಲ್ಲರೂ ಜಾತಕ ಕೂಡಿಬರಲಿಲ್ಲ ಅಂತಲೇ ಹೇಳಿ ಕಳಿಸಿದ್ದರು. ಅದನ್ನು ನಂಬಿ ವೆಂಕಟಾಚಲ ಒಂಬತ್ತು ವರ್ಷ ಶನಿವಾರ ಶನಿವಾರ ನವಗ್ರಹಕ್ಕೆ ಸುತ್ತು ಬಂದ. ಎಳ್ಳೆಣ್ಣೆ ಸುರಿದ, ಕುಜಶಾಂತಿ ಮಾಡಿಸಿದ. ಅಳಿಯನನ್ನು ದಶಮಗ್ರಹ ಅನ್ನುತ್ತಾರೆ, ಷಡ್ಡಕ ಎಷ್ಟನೆಯ ಗ್ರಹ ಅಂತ ಯಾವ ಜೋಯಿಸನೂ ಅವನಿಗೆ ಹೇಳಿರಲಿಲ್ಲ.

ಈಗ ಸಮನ್ವಿತಾಗೆ ಮೂವತ್ತೈದು. ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಶ್ರೀಕರನಿಗೆ ನಲವತ್ತು, ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಇಬ್ಬರೂ ಜಾತಕ ಬೇಡ ಅಂತ ಮಾತಾಡಿಕೊಂಡು ಜಯನಗರ ಫೋರ್ತ್ ಬ್ಲಾಕಿನ ಒಂದು ಹೋಟೆಲಿನಲ್ಲಿ ಎರಡು ಸಲ ಕಾಫಿ ಕುಡಿದಿದ್ದರು. ಎರಡನೆಯ ಸಲ ಹೋಗಿಬಂದ ದಿನ ಸಮನ್ವಿತಾ ಊಟಕ್ಕೆ ಕೂತು ಇನ್ನೊಂದು ಸ್ವಲ್ಪ ಅನ್ನ ಹಾಕು ಅಮ್ಮ ಅಂದಳು. ಸೀತಮ್ಮ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡಳು. ಇದು ಕೊನೆಯ ಅವಕಾಶ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಬ್ಯಾಂಕಾಕ್‌ಗೆ ಹೋಗಿಬಂದ್ಮೇಲೆ ನಾನೇ ಶ್ರೀಕರ್ ಮನೆಗೆ ಹೋಗಿ ಒಂದ್ಮಾತು ಹೇಳ್ತೀನಿ ಬಿಡಿ," ಅಂದ ವಿಜಯಕುಮಾರ್ ಕೈ ತೊಳೆಯುತ್ತ. "ಹೇಳೋಕ್ ಮರ್ತೆ. ನಾಲ್ಕು ಜನಕ್ಕೂ ಟಿಕೆಟ್ ಮಾಡ್ಸಿದ್ದೀನಿ. ನೀವೂ ಅತ್ತಿಗೇನೂ ಎಲ್ಲಿಗೂ ಹೋಗಲ್ಲ, ಪಾಪ. ಐದು ದಿನ. ಎಲ್ಲ ನಾನು ನೋಡ್ಕೊಂಡಿದ್ದೀನಿ, ಅಲ್ಲಿ ನದೀಲಿ ಬೋಟಿರತ್ತಲ್ಲ, ಊರು ತೋರಿಸೋದು, ಅದೊಂದು ನೀವು ನೋಡಿ ಬುಕ್ ಮಾಡಿ. ರಿಟೈರ್ ಆಗಿ ಮನೇಲಿ ಕೂತಿದ್ದೀರಲ್ಲ, ಟೈಮ್ ಪಾಸ್ ಆಗತ್ತೆ."

ಕೇಳದೆ ಟಿಕೆಟ್ ಮಾಡಿಸುವುದು, ಕೇಳದೆ ಮರುಕ ಪಡುವುದು, ಕೇಳದೆ ನಿಜ ಹೇಳುವುದು, ಎಲ್ಲಕ್ಕೂ ಆ ಮನುಷ್ಯನಿಗೆ ಒಂದೇ ಮುಖ. ವೆಂಕಟಾಚಲ ಟವೆಲಿಗೆ ಕೈ ಒರೆಸಿಕೊಳ್ಳುತ್ತ, "ಆಯ್ತು, ನೋಡ್ತೀನಿ" ಅಂದ. ಮಂಟಪದಿಂದ ಟಿ ಬ್ಲಾಕಿನ ಮನೆಗೆ ನಡೆದು ಬರುವ ಹೊತ್ತಿಗೆ ಅವನು ತೀರ್ಮಾನ ಮಾಡಿಯಾಗಿತ್ತು. ವಿಜಯಕುಮಾರ್ ಬ್ಯಾಂಕಾಕ್‌ಗೆ ಹೋಗಬೇಕು, ಬರಬಾರದು. ಹೊರಡುವುದಕ್ಕೆ ಇಪ್ಪತ್ತಾರು ದಿನ ಇತ್ತು.

ವೆಂಕಟಾಚಲ ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ದುಡಿದವನು. ಕೊನೆಯ ತಪಾಸಣೆ ಅವನದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಗಡಿಯಾರ ಎತ್ತಿ ನೋಡಿ, ಕೂದಲೆಳೆ ಗೀರು ಕಂಡರೂ ಪಕ್ಕಕ್ಕಿಡುತ್ತಿದ್ದ. ಅವನ ಟೇಬಲ್ ದಾಟಿ ಹೋದ ಮಾಲು ಯಾವತ್ತೂ ವಾಪಸ್ ಬಂದಿಲ್ಲ ಅಂತ ರಿಟೈರ್ ಆದ ದಿನ ಮ್ಯಾನೇಜರು ಭಾಷಣದಲ್ಲಿ ಹೇಳಿದ್ದರು. ಕೆಟ್ಟದ್ದನ್ನು ಹುಡುಕುವುದು ಅವನ ಕಸುಬು, ಒಳ್ಳೆಯದನ್ನು ಹೊಗಳುವುದಕ್ಕೆ ಬೇರೆಯವರಿದ್ದರು.

ಬೋಟನ್ನೂ ಅವನು ಹಾಗೆಯೇ ಹುಡುಕಿದ. ಫೋನಿನಲ್ಲಿ ಜನ ಬರೆದ ಅಭಿಪ್ರಾಯಗಳು ಸಾವಿರಗಟ್ಟಲೆ ಇದ್ದವು. ಲೋಕದ ಮಂದಿ ಐದು ನಕ್ಷತ್ರ ಕೊಟ್ಟ ಬೋಟು ಯಾವುದು ಅಂತ ನೋಡುತ್ತಾರೆ. ವೆಂಕಟಾಚಲ ಬೆಳಿಗ್ಗೆ ತಿಂಡಿ ತಿಂದು ಕೂತು ಒಂದು ನಕ್ಷತ್ರ ಕೊಟ್ಟವರನ್ನು ಮಾತ್ರ ಆರಿಸಿ ಆರಿಸಿ ಓದಿದ. ಇಂಗ್ಲಿಷು ಬಾರದಿದ್ದವರೂ ಬೈಯುವಾಗ ಸ್ಪಷ್ಟವಾಗಿ ಬರೆಯುತ್ತಾರೆ ಅನ್ನುವುದು ಅವನಿಗೆ ಆಗ ಗೊತ್ತಾಯಿತು.

ಮೊದಲು ಅವನಿಗೆ ಕಾಶಿಯ ಯೋಚನೆಯೂ ಬಂದಿತ್ತು. ಬ್ಯಾಂಕಾಕ್ ಬೇಡ, ಕಾಶಿಗೆ ಹೋಗೋಣ, ಅಲ್ಲಿಯೂ ಬೋಟಿದೆ ಅಂತ ಹೇಳಿದ್ದರೆ ಅನಸೂಯ ಗಂಡನನ್ನು ಒಪ್ಪಿಸುತ್ತಿದ್ದಳು. ಆದರೆ ಕಾಶಿಯಲ್ಲಿ ಸತ್ತವನಿಗೆ ಮೋಕ್ಷ ಅನ್ನುತ್ತಾರೆ. ಮೂರು ಮದುವೆ ಮುರಿದವನಿಗೆ ಮೋಕ್ಷವನ್ನೂ ತಾನೇ ಕೊಡಿಸಬೇಕೆ? ಬ್ಯಾಂಕಾಕೇ ಸರಿ ಅನ್ನಿಸಿತು.

ಮೊದಲ ಬೋಟು ಬಿಳಿ ಬಣ್ಣದ್ದು, ಅರಮನೆಯಷ್ಟಿತ್ತು. ಹತ್ತಿದವರಿಗೆಲ್ಲ ಲೈಫ್ ಜಾಕೆಟ್ ತೊಡಿಸಿದರು, ಬಲು ಕಿರಿಕಿರಿ ಅಂತ ಒಬ್ಬ ಬರೆದಿದ್ದ. ಮೂಲೆಮೂಲೆಗೂ ಕ್ಯಾಮೆರಾ, ಜೈಲಿಗೆ ಬಂದ ಹಾಗಾಯಿತು ಅಂತ ಇನ್ನೊಬ್ಬಳು. ವೆಂಕಟಾಚಲ ಅದನ್ನು ಪಕ್ಕಕ್ಕಿಟ್ಟ. ಎರಡನೆಯದು ಅಕ್ಕಿ ಸಾಗಿಸುತ್ತಿದ್ದ ಹಳೆಯ ಮರದ ದೋಣಿ, ಇಪ್ಪತ್ತು ಜನಕ್ಕೆ ಮಾತ್ರ. ಎಲ್ಲರೂ ಒಂದೇ ಚಾಪೆಯ ಮೇಲೆ ಎದುರುಬದುರು ಕೂರಬೇಕು. ಅದೂ ಆಗಲಿಲ್ಲ. ಮೂರನೆಯದು ನೀಲಿ ಬಣ್ಣದ ಎರಡು ಅಂತಸ್ತಿನ ಬೋಟು. ಅದರ ಹೆಸರಿನ ಕೆಳಗೆ ಬೈಗುಳದ ಮಳೆ ಸುರಿದಿತ್ತು. ಮೇಲಿನ ಅಂತಸ್ತಿನಲ್ಲಿ ಹಾಡುವವಳ ಗದ್ದಲಕ್ಕೆ ಪಕ್ಕದಲ್ಲಿ ಕೂತ ಗಂಡನ ಮಾತೇ ಕೇಳಿಸಲಿಲ್ಲ ಅಂತ ದೆಹಲಿಯ ಹೆಂಗಸೊಬ್ಬಳು ಬರೆದಿದ್ದಳು. ಹಿಂಬದಿಯಲ್ಲಿ ಒಬ್ಬ ಸಿಬ್ಬಂದಿಯೂ ಇಲ್ಲ, ಇಡೀ ಬೋಟಿಗೆ ಒಂದು ಕ್ಯಾಮೆರಾ, ಅದೂ ಗಲ್ಲಾದ ಮೇಲೆ ಅಂತ ಒಬ್ಬ. ಮೂರು ವಾರದ ಹಿಂದೆ ಮತ್ತೊಬ್ಬ ಫೋಟೋ ಹಾಕಿದ್ದ. ಹಿಂಬದಿಯ ಬೆಂಚಿನ ಪಕ್ಕ ಗೇಟು ಇರಬೇಕಾದ ಕಡೆ ಒಂದು ಸರಪಳಿ, ಅದರ ಕೊಕ್ಕೆ ಸಡಿಲ. ನನ್ನ ಮಗು ನೀರಿಗೆ ಬಿದ್ದಿದ್ದರೆ ಯಾರು ಹೊಣೆ ಅಂತ ಕೇಳಿದ್ದ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಬೋಟಿನವರ ಉತ್ತರವಿತ್ತು.

ವೆಂಕಟಾಚಲ ಬೀರುವಿನಿಂದ ಹಳೆಯ ಭೂತಗನ್ನಡಿ ತೆಗೆದು ಫೋನಿನ ಮೇಲಿಟ್ಟು ಆ ಕೊಕ್ಕೆಯನ್ನು ಎರಡು ನಿಮಿಷ ನೋಡಿದ.

"ಅಷ್ಟೊಂದು ಏನು ನೋಡ್ತೀರಿ? ಒಂದು ಬೋಟ್ ತಾನೇ," ಅಂದಳು ಸೀತಮ್ಮ, ಹುರುಳಿಕಾಯಿ ಮುರಿಯುತ್ತ.

"ಎಲ್ಲ ನೋಡಿ ತಗೋಬೇಕು. ಆಮೇಲೆ ಅಯ್ಯೋ ಅನ್ನೋ ಹಾಗಿರಬಾರದು."

"ಮಗಳಿಗೆ ಗಂಡು ನೋಡೋವಾಗ ಇಷ್ಟು ನೋಡಿದ್ರಾ?" ಸೀತಮ್ಮ ತಮಾಷೆಗೆ ಅಂದಿದ್ದಳು. ಅಂದ ಮೇಲೆ ತಾನೇ ಮುಖ ಕೆಳಗೆ ಹಾಕಿ ಇನ್ನೊಂದು ಹಿಡಿ ಹುರುಳಿಕಾಯಿ ತೆಗೆದುಕೊಂಡಳು. ವೆಂಕಟಾಚಲ ನಾಲ್ಕು ಟಿಕೆಟು ಬುಕ್ ಮಾಡಿದ. ಸಂಜೆ ಐದಕ್ಕೆ ಹೊರಟು ಆರೂವರೆಗೆ ವಾಪಸ್.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಳಿದ ದಿನಗಳನ್ನು ಅವನು ಕೋಲಿಗಾಗಿ ಮೀಸಲಿಟ್ಟ. ಒಂದು ಭಾನುವಾರ ಅರೆಕೆರೆಯ ನೆಂಟರ ಮನೆಯಿಂದ ಬಸ್ಸಿನಲ್ಲಿ ಬರುವಾಗ ತಲೆ ಸುತ್ತುತ್ತಿದೆ ಅಂತ ಸೀತಮ್ಮನ ಭುಜ ಹಿಡಿದುಕೊಂಡ. ಮಾರನೆಯ ದಿನ ತ್ಯಾಗರಾಜನಗರದ ಡಾಕ್ಟರ ಹತ್ತಿರ ಹೋಗಿ, ಅಲುಗಾಡುವ ಕಡೆ ಕೂತರೆ ಹೊಟ್ಟೆ ತೊಳಸುತ್ತದೆ ಅಂತ ಹೇಳಿ, ಮಾತ್ರೆ ಬರೆಸಿಕೊಂಡು ಚೀಟಿಯನ್ನು ಪಾಸ್‌ಪೋರ್ಟಿನ ಜೊತೆ ಇಟ್ಟ. ಅನಸೂಯ ಫೋನ್ ಮಾಡಿ, "ಭಾವ, ಬೋಟಿಗೆ ನೀವು ಬರ್ತೀರೋ ಇಲ್ವೋ?" ಅಂತ ಕೇಳಿದಳು. "ಬರ್ತೀನಮ್ಮ, ಕೆಳಗಡೆ ಎ.ಸಿ. ಕ್ಯಾಬಿನ್ ಇದೆ. ಅಲ್ಲೇ ಕಣ್ಮುಚ್ಚಿ ಕೂತಿರ್ತೀನಿ, ನೀವು ನೋಡಿ," ಅಂದ. ಒಳ್ಳೆಯ ಹೆಂಗಸು ಅನಸೂಯ. ಇಪ್ಪತ್ತೆಂಟು ವರ್ಷ ಆ ಬಾಯಿಯ ಪಕ್ಕದಲ್ಲಿ ಕೂತು ಹೇಗೆ ಬಾಳಿದಳೋ ಅಂತ ಅವಳ ಮೇಲೆ ಮರುಕವೇ ಬಂತು.

ತಳ್ಳುವ ಯೋಚನೆಯನ್ನು ಅವನು ಮೊದಲ ವಾರದಲ್ಲೇ ಬಿಟ್ಟ. ವಿಜಯಕುಮಾರನ ದೇಹ ದೊಡ್ಡದು, ಟೈಲ್ಸ್ ಅಂಗಡಿ ನಡೆಸಿ ನಡೆಸಿ ತಾನೂ ಒಂದು ಗ್ರಾನೈಟ್ ಚಪ್ಪಡಿಯಾಗಿದ್ದ. ತಳ್ಳಿದರೆ ಹಿಡಿದುಕೊಳ್ಳುತ್ತಾನೆ, ಕೂಗುತ್ತಾನೆ, ಅಂಗಿಯ ಗುಂಡಿ ಕಿತ್ತು ಬರುತ್ತದೆ. ಅದಕ್ಕಿಂತ ಸುಲಭದ ದಾರಿಯನ್ನು ಅವನೇ ದಿನಾ ತೋರಿಸುತ್ತಿದ್ದ. ಎಲ್ಲಿ ಹೋದರೂ ಅವನಿಗೆ ಫೋಟೋ ಬೇಕು. ಹಿಂದೆ ಇರುವ ಗೋಪುರವೋ ಜಲಪಾತವೋ ಪೂರ್ತಿ ಬರಬೇಕು, ತಾನೂ ಪೂರ್ತಿ ಬರಬೇಕು. ತೆಗೆಯುವವರು ಇನ್ನೂ ಸ್ವಲ್ಪ ಹಿಂದೆ ಹೋಗಿ ಅಂದಷ್ಟೂ ಹಿಂದೆ ನೋಡದೆ ಹೆಜ್ಜೆ ಇಡುತ್ತಾನೆ. ಹೋದ ವರ್ಷ ಅವನ ಮಗನ ಆರತಕ್ಷತೆಯಲ್ಲಿ ಹಾಗೆ ಹಿಂದೆ ಸರಿದು ಐಸ್‌ಕ್ರೀಮ್ ಟೇಬಲಿನ ಮೇಲೆಯೇ ಕೂತಿದ್ದ. ವೆಂಕಟಾಚಲ ಕೊಕ್ಕೆ ತೆಗೆದರೆ ಸಾಕು, ಉಳಿದ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಾನೆ. ಈಜು ಬರುವುದಿಲ್ಲ ಅನ್ನುವುದನ್ನೂ ಅವನೇ ಎಲ್ಲರಿಗೂ ಹೇಳಿದ್ದ. ಮುಚ್ಚಿಡುವ ಸ್ವಭಾವ ಅಲ್ಲವಲ್ಲ.

ಹೊತ್ತು ಕೂಡ ಲೆಕ್ಕ ಹಾಕಿಯಾಗಿತ್ತು. ಆರಕ್ಕೆ ಹತ್ತು ನಿಮಿಷ ಇರುವಾಗ ಎಡದಂಡೆಯಲ್ಲಿ ಎತ್ತರದ ದೇವಾಲಯ ಬರುತ್ತದೆ. ಸೂರ್ಯ ಅದರ ಹಿಂದೆ ಇಳಿಯುತ್ತಾನೆ. ಇಡೀ ಬೋಟು ಎದ್ದು ಮೇಲಿನ ಅಂತಸ್ತಿಗೆ ಓಡುತ್ತದೆ ಅಂತ ಏಳು ಜನ ಬರೆದಿದ್ದರು, ಅವರಲ್ಲಿ ಇಬ್ಬರಿಗೆ ಆ ನೂಕುನುಗ್ಗಲಲ್ಲಿ ಚಪ್ಪಲಿ ಕಳೆದಿತ್ತು. ಕ್ಯಾಬಿನ್ನಿನ ಹಿಂಬಾಗಿಲಿನಿಂದ ಹಿಂಬದಿಯ ಬೆಂಚಿಗೆ ಹೆಚ್ಚೆಂದರೆ ಹದಿನೈದು ಹೆಜ್ಜೆ. ಹೋಗಿ ಬರಲು ಎರಡು ನಿಮಿಷ ಧಾರಾಳ. ಒಂದೇ ಒಂದು ತೊಡಕಿತ್ತು. ಆ ಹೊತ್ತಿನವರೆಗೆ ಆ ಬೆಂಚಿನ ಮೇಲೆ ಬೇರೆ ಯಾರೂ ಕೂರಬಾರದು.

ಬ್ಯಾಂಕಾಕಿನ ಮೂರನೆಯ ದಿನ ಸಂಜೆ ಬೋಟು ಹತ್ತುವ ಕಡೆ ಜಾತ್ರೆಯಷ್ಟು ಜನ ಸೇರಿದ್ದರು. ಕೊರಿಯಾದವರ ಒಂದು ದೊಡ್ಡ ಗುಂಪು, ಗುಜರಾತಿನ ಎರಡು ಕುಟುಂಬ, ಬಿಳಿಯರು, ಮಕ್ಕಳು. ಹಗ್ಗ ಬಿಚ್ಚಿದ್ದೇ ತಡ ಎಲ್ಲರೂ ನುಗ್ಗಿದರು. ವೆಂಕಟಾಚಲ ಎಲ್ಲರಿಗಿಂತ ಮೊದಲು ಒಳಗೆ ತೂರಿದ. ಹೆಂಗಸರು ವಿಜಯಕುಮಾರನ ಜೊತೆ ಹಲಗೆ ದಾಟುವಷ್ಟರಲ್ಲಿ ಹಿಂಬದಿಗೆ ಹೋಗಿ, ಬೆಂಚು, ಸರಪಳಿ, ಕೊಕ್ಕೆ ಎಲ್ಲ ಫೋಟೋದಲ್ಲಿ ಕಂಡ ಹಾಗೆಯೇ ಇವೆ ಅಂತ ನೋಡಿಕೊಂಡು, ಕ್ಯಾಬಿನ್ನಿಗೆ ಬಂದು ಕೂತ. ಸೀತಮ್ಮ ಬಂದಾಗ ಅವನ ಕಣ್ಣು ಮುಚ್ಚಿತ್ತು, ತೊಡೆಯ ಮೇಲೆ ವಾಂತಿಗೆ ಅಂತ ಪ್ಲಾಸ್ಟಿಕ್ ಕವರು ಇತ್ತು.

"ಷಡ್ಡಕರು ಆಗ್ಲೇ ಫ್ಲಾಟ್," ಅಂದ ವಿಜಯಕುಮಾರ್. "ಊರು ನೋಡೋಕ್ ಬಂದು ಕವರ್ ನೋಡ್ತಿದ್ದಾರೆ."

ವೆಂಕಟಾಚಲ ಕಣ್ಣು ತೆರೆಯದೆ ಅವನನ್ನು ಹತ್ತಿರ ಕರೆದ. "ಆ ದೇವಸ್ಥಾನ ಬಂದಾಗ ಮೇಲೆ ಹೋಗಬೇಡಿ. ಬರೀ ತಲೆಗಳೇ ಕಾಣೋದು. ಹಿಂದಗಡೆ ಒಂದು ಬೆಂಚಿದೆಯಂತೆ, ಅಲ್ಲಿಂದ ಪೂರ್ತಿ ಕಾಣತ್ತೆ ಅಂತ ಓದಿದ್ದೆ."

"ನೋಡಿದ್ರಾ, ನಿಮಗೆ ಕೆಲಸ ಕೊಟ್ಟಿದ್ದು ಸಾರ್ಥಕ ಆಯ್ತು," ಅಂದು ವಿಜಯಕುಮಾರ್ ಅವನ ಬೆನ್ನು ತಟ್ಟಿದ.

ಬೋಟು ತುಂಬಿತ್ತು. ಕೂರಲು ಜಾಗವಿಲ್ಲದೆ ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ಹಿಂಬದಿಯ ಬೆಂಚು ಮಾತ್ರ ಖಾಲಿ ಉಳಿದಿತ್ತು. ಬಾಗಿಲ ಗಾಜಿನಲ್ಲಿ ವೆಂಕಟಾಚಲ ಒಂದು ಕಣ್ಣಿಟ್ಟೇ ಇದ್ದ. ಕೊರಿಯಾದ ದಂಪತಿ ಅಲ್ಲಿಯವರೆಗೆ ಹೋಗಿ, ಬೆಂಚನ್ನು ನೋಡಿ, ಏನೋ ಮಾತಾಡಿಕೊಂಡು ವಾಪಸ್ ಬಂದರು. ಆಮೇಲೆ ಬಿಳಿಯ ಮುದುಕನೂ ಹಾಗೆಯೇ ಬಂದ. ಎಂಜಿನ್ನಿನ ಹೊಗೆಗೆ ಇರಬೇಕು ಅಂದುಕೊಂಡ. ಒಂಬತ್ತು ವರ್ಷ ಸುತ್ತು ಬಂದ ಗ್ರಹಗಳಲ್ಲಿ ಒಂದಾದರೂ ಇವತ್ತು ತನ್ನ ಕಡೆ ತಿರುಗಿತಲ್ಲ ಅನ್ನಿಸಿ ಅವನಿಗೆ ಸಮಾಧಾನವಾಯಿತು.

ಆರಕ್ಕೆ ಹತ್ತು ನಿಮಿಷ ಇರುವಾಗ ಮೇಲಿನಿಂದ ಮೈಕಿನಲ್ಲಿ ಕೂಗಿದರು. ಕ್ಯಾಬಿನ್ನು ಎರಡು ಕ್ಷಣದಲ್ಲಿ ಖಾಲಿಯಾಯಿತು. ಅಕ್ಕತಂಗಿಯರು ಆಗಲೇ ಮೇಲಿದ್ದರು. ಹಾಡುವವಳು ದನಿ ಏರಿಸಿದಳು. ವೆಂಕಟಾಚಲ ಎದ್ದು ಹಿಂಬಾಗಿಲು ತೆರೆದ. ವಿಜಯಕುಮಾರ್ ಬೆಂಚಿನ ಮೇಲೆ ಕನ್ನಡಕದ ಡಬ್ಬಿ ಇಟ್ಟು, ಅದರ ಕೈಹಿಡಿಯ ಮೇಲೆ ಟೋಪಿ ಸಿಕ್ಕಿಸಿ, ತೋಳು ಚಾಚಿ ತನ್ನದೇ ಫೋಟೋ ತೆಗೆದುಕೊಳ್ಳಲು ಒದ್ದಾಡುತ್ತಿದ್ದ.

"ಏನ್ರೀ, ತಲೆಸುತ್ತು ಹೋಯ್ತಾ?"

"ಈಗ ಪರವಾಗಿಲ್ಲ. ಕೊಡಿ, ನಾನು ತೆಗೀತೀನಿ."

ಫೋನು ಕೊಟ್ಟು ವಿಜಯಕುಮಾರ್ ಬಗ್ಗಿ ಶೂ ಲೇಸು ಸರಿಮಾಡಿಕೊಂಡ. ಆ ಹೊತ್ತಿನಲ್ಲಿ ವೆಂಕಟಾಚಲ ಕಂಬಕ್ಕೆ ಕೈ ಊರಿದವನ ಹಾಗೆ ಕೊಕ್ಕೆಯನ್ನು ಎತ್ತಿಬಿಟ್ಟ. ಸರಪಳಿ ಸದ್ದಿಲ್ಲದೆ ಇಳಿಯಿತು.

"ದೇವಸ್ಥಾನದ ತುದಿ ಕಟ್ ಮಾಡ್ಬೇಡಿ. ಇದನ್ನ ಶ್ರೀಕರ್ ತಾಯಿಗೂ ಕಳಿಸ್ಬೇಕು, ಅವರು ಬ್ಯಾಂಕಾಕ್ ನೋಡಿಲ್ವಂತೆ."

ಆ ಹೆಸರು ಕೇಳಿದ್ದೇ ವೆಂಕಟಾಚಲನಲ್ಲಿ ಇದ್ದ ಒಂದು ಚೂರು ಅಳುಕೂ ಹೋಯಿತು. "ಸ್ವಲ್ಪ ಹಿಂದಕ್ಕೆ," ಅಂದ. "ಇನ್ನೂ ಸ್ವಲ್ಪ. ತುದಿ ಬರ್ತಿಲ್ಲ. ಇನ್ನೊಂದು ಹೆಜ್ಜೆ."

ಆ ಹೆಜ್ಜೆ ಇಟ್ಟಾಗ ವಿಜಯಕುಮಾರ್ ನಗುತ್ತಿದ್ದ. ಮೂರು ಮನೆಗೆ ಹೋಗಿ ಮಾತಾಡಿದ ಬಾಯಿಯಿಂದ ಆಗ ಒಂದು ಶಬ್ದವೂ ಬರಲಿಲ್ಲ, ಬಂದಿದ್ದರೂ ಮೇಲಿನ ಹಾಡು ಅದನ್ನು ಕೇಳಲು ಬಿಡುತ್ತಿರಲಿಲ್ಲ. ವೆಂಕಟಾಚಲ ಫೋನನ್ನೂ ಅವನ ಹಿಂದೆಯೇ ಎಸೆದ. ಒಳಗೆ ಬಂದು ಕೂತು ಕವರನ್ನು ತೊಡೆಯ ಮೇಲೆ ಇಟ್ಟುಕೊಂಡ. ಎರಡು ನಿಮಿಷವೂ ಆಗಿರಲಿಲ್ಲ.

ದೇಹ ಸಿಕ್ಕಿದ್ದು ಎರಡು ದಿನ ಬಿಟ್ಟು. ಅಲ್ಲಿನ ಪೊಲೀಸರು ಮೃದುವಾಗಿ ಮಾತಾಡುವ ಜನ. ಸಡಿಲ ಕೊಕ್ಕೆಯನ್ನೂ ಜನ ಬರೆದಿದ್ದ ದೂರುಗಳನ್ನೂ ನೋಡಿ, ಬೋಟಿನವರನ್ನು ಬೈದು, ಆಕಸ್ಮಿಕ ಅಂತ ಬರೆದುಕೊಂಡರು. ವೆಂಕಟಾಚಲ ಡಾಕ್ಟರ ಚೀಟಿ ತೋರಿಸಿದ. ಹೇಳಿಕೆ ಬರೆಯುವ ಅಧಿಕಾರಿ, ಘಟನೆ ನಡೆದಾಗ ಇವರು ಕ್ಯಾಬಿನ್ನಿನಲ್ಲಿದ್ದರು ಅಂತಷ್ಟೇ ಬರೆದಿದ್ದ. ಅರ್ಧಂಬರ್ಧ ಕೆಲಸ ವೆಂಕಟಾಚಲನಿಗೆ ಯಾವತ್ತೂ ಆಗಿಬಂದಿಲ್ಲ. ಪೆನ್ನು ಇಸಿದುಕೊಂಡು, ಬೋಟು ಹತ್ತಿದಾಗಿನಿಂದ ಇಳಿಯುವವರೆಗೆ ಅದರ ಹಿಂಬದಿಗೆ ನಾನು ಕಾಲಿಟ್ಟೇ ಇಲ್ಲ ಅಂತ ತಾನೇ ಒಂದು ಸಾಲು ಸೇರಿಸಿ ಸಹಿ ಹಾಕಿದ.

ಊರಿಗೆ ಬಂದ ಮೇಲೆ ವಿಜಯಕುಮಾರನ ಮಗ ಕೆನಡಾದಿಂದ ಬಂದು ಕರ್ಮ ಮುಗಿಸಿ ಹೊರಟುಹೋದ. ಅನಸೂಯಳ ಕಾಗದಪತ್ರಗಳೆಲ್ಲ ವೆಂಕಟಾಚಲನ ಪಾಲಿಗೆ ಬಂದವು. ಅವನು ಒಂದು ಹಸಿರು ಫೈಲು ಮಾಡಿ, ಮರಣಪತ್ರ, ಪೊಲೀಸರ ವರದಿ, ತನ್ನ ಹೇಳಿಕೆಯ ನಕಲು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಅವಳಿಗೆ ಓದಿ ಅರ್ಥ ಹೇಳಿದ. "ಭಾವ, ನೀವು ಇಲ್ದಿದ್ರೆ ನಂಗೆ ದಿಕ್ಕೇ ತೋಚ್ತಿರಲಿಲ್ಲ," ಅಂತ ಅವಳು ಅತ್ತಳು. ಅವನು ಸಮಾಧಾನ ಹೇಳಿದ. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದ. ಸುಳ್ಳು ಹೇಳಬೇಕಾದ ಮದುವೆಗೆ ನಿಜ ಹೇಳುವವನು ಇನ್ನಿಲ್ಲ ಅನ್ನುವುದೇ ಅವನ ನಿದ್ದೆಗೆ ಸಾಕಾಗಿತ್ತು.

ಮೂರು ತಿಂಗಳು ಕಳೆದು ಒಂದು ಭಾನುವಾರ ಬೆಳಿಗ್ಗೆ ಶ್ರೀಕರನ ತಾಯಿ ಮಾತುಕತೆಗೆ ಬಂದರು. ಸೀತಮ್ಮ ಕೇಸರಿಬಾತು ಮಾಡಿದ್ದಳು. ಸಮನ್ವಿತಾ ಹಸಿರು ಸೀರೆ ಉಟ್ಟು ಕಾಫಿ ತಂದಿಟ್ಟು, ಅಮ್ಮನ ಪಕ್ಕ ಕೂತಳು. ಚೈತ್ರದಲ್ಲಿ ಇಟ್ಟುಕೊಳ್ಳೋಣವೋ ವೈಶಾಖದಲ್ಲೋ ಅನ್ನುವಲ್ಲಿಗೆ ಮಾತು ಬಂದಿತ್ತು.

"ನಮಗೆ ಹುಡುಗಿ ಹಿಡಿಸಿದ್ದೇ ಅದಕ್ಕೆ," ಅಂದರು ಶ್ರೀಕರನ ತಾಯಿ ಲೋಟ ಕೆಳಗಿಡುತ್ತ. "ಚಿಕ್ಕ ವಯಸ್ಸಲ್ಲಿ ಫಿಟ್ಸ್ ಬಂದಿದ್ದನ್ನ ಮೊದಲನೇ ದಿನಾನೇ ಶ್ರೀಕರನಿಗೆ ಅವಳೇ ಹೇಳಿದ್ಳಂತೆ. ಈಗಿನ ಕಾಲದಲ್ಲಿ ಯಾರು ಹೇಳ್ತಾರೆ? ಪಾಪ, ನಿಮ್ಮ ಷಡ್ಡಕರೂ ಬ್ಯಾಂಕಾಕ್‌ಗೆ ಹೊರಡೋ ಹಿಂದಿನ ದಿನ ಫೋನ್ ಮಾಡಿ ಅದನ್ನೇ ಹೇಳಿದ್ರು. ನಮಗೆ ಗೊತ್ತು ಸಾರ್, ಅದೆಲ್ಲ ಏನೂ ಇಲ್ಲ ಬಿಡಿ ಅಂದೆ. ಹಾಗಾದ್ರೆ ಸರಿ, ನಾನೇ ಮುಂದೆ ನಿಂತು ಮಾಡಿಸ್ತೀನಿ ಅಂದ್ರು."

ವೆಂಕಟಾಚಲ ಮಗಳ ಕಡೆ ನೋಡಿದ. ಅವಳು ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗೇಟಿನ ಸದ್ದಾಗಿ ಅನಸೂಯ ಒಳಗೆ ಬಂದಳು. ಕೈಯಲ್ಲಿ ಹಸಿರು ಫೈಲು, ಅದರ ಮೇಲೆ ಒಂದು ದಪ್ಪ ಲಕೋಟೆ. ಮಾತುಕತೆ ನಡೆಯುತ್ತಿರುವುದು ಕಂಡು ಬಾಗಿಲಲ್ಲೇ ಹಿಂಜರಿದಳು. "ನಾನು ಆಮೇಲೆ ಬರ್ತೀನಿ ಅಕ್ಕ," ಅಂದಳು.

"ಬಾರೇ, ನೀನು ಚಿಕ್ಕಮ್ಮ ಅಲ್ವಾ. ಆ ಕಾಲ ಎಲ್ಲ ಹೋಯ್ತು," ಅಂತ ಸೀತಮ್ಮ ಕೈ ಹಿಡಿದು ಕೂರಿಸಿದಳು.

"ಬ್ಯಾಂಕಾಕ್ ಪೊಲೀಸರು ಇವರ ಸಾಮಾನು ಕಳಿಸಿದ್ದಾರೆ ಭಾವ, ಬೋಟಲ್ಲಿ ಸಿಕ್ಕಿದ್ದು. ಎಲ್ಲ ನಮ್ಮದೇ ಅಂತ ಟಿಕ್ ಮಾಡಿ ಸೈನ್ ಹಾಕ್ಬೇಕಂತೆ," ಅಂದು ಅನಸೂಯ ಒಂದೊಂದೇ ತೆಗೆದು ಟೀಪಾಯಿಯ ಮೇಲಿಟ್ಟಳು. ಕನ್ನಡಕದ ಡಬ್ಬಿ, ಟೋಪಿ. ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಒಂದು ಬಿಳಿ ಬಟ್ಟೆ. "ಇದೊಂದು ಇವರದಲ್ಲ. ಅಕ್ಕ, ಇದು ನೀನು ಹಳೇ ಪಂಚೆ ಹರಿದು ಅಂಚು ಹೊಲೀತೀಯಲ್ಲ, ಆ ಕರ್ಚೀಫಲ್ವಾ?"

"ಹೌದು, ನಮ್ಮನೆಯವರದ್ದೇ," ಅಂದಳು ಸೀತಮ್ಮ. "ನೋಡು, ಏರ್‌ಪೋರ್ಟಲ್ಲಿ ಬಿದ್ದೋಯ್ತು ಅಂದಿದ್ರು. ಎಲ್ಲಿ ಸಿಕ್ತಂತೆ?"

ಅನಸೂಯ ಲಕೋಟೆಯಲ್ಲಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿಕೊಂಡಳು. ಹಿಂಬದಿಯ ಬೆಂಚು, ಎಡಗಡೆಯ ಕೈಹಿಡಿ, ಬಿಗಿಯಾಗಿ ಗಂಟು ಹಾಕಿತ್ತು ಅಂತ ಅದರಲ್ಲಿತ್ತು. ಆ ಊರಿನ ಪೊಲೀಸರಿಗೆ ಅದೊಂದು ಯಾರೋ ಮರೆತ ಬಟ್ಟೆ. ವೆಂಕಟಾಚಲ ಮೂವತ್ತೊಂದು ವರ್ಷ ಜಯನಗರದಿಂದ ಕಾರ್ಖಾನೆಗೆ ಎರಡು ಬಸ್ಸು ಬದಲಾಯಿಸಿ ಹೋದವನು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದ ಕೈ ಅದು. ಆ ಸಂಜೆ ಬೆಂಚು ಖಾಲಿ ಉಳಿಯಬೇಕು ಅಂತ ಅವನು ಅಂದುಕೊಂಡಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು, ಅವನನ್ನು ಕೇಳಲಿಲ್ಲ. ಅನಸೂಯ ಪಟ್ಟಿ ಕೆಳಗಿಟ್ಟಳು. ಫೈಲು ತೆರೆದು, ಅವನೇ ಓದಿ ಅರ್ಥ ಹೇಳಿದ್ದ ಹೇಳಿಕೆಯನ್ನು ತೆಗೆದು, ಅವನೇ ಸೇರಿಸಿದ್ದ ಸಾಲಿನ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದಳು. ಶ್ರೀಕರನ ತಾಯಿ ಖಾಲಿ ಲೋಟ ಮತ್ತೆ ಕೈಗೆತ್ತಿಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಸಮನ್ವಿತಾ ಎದ್ದು ನಿಂತಿದ್ದಳು. "ಭಾವ," ಅಂದಳು ಅನಸೂಯ, "ನೀವು ಹಿಂದಗಡೆ ಹೋಗೇ ಇಲ್ಲ ಅಂತ ಬರೆದಿದ್ದೀರಲ್ಲ. ಮತ್ತೆ ಆ ಸೀಟು ಯಾರಿಗೆ ಹಿಡಿದ್ರಿ?"